ಬಾವಿಯ ಹತ್ತಿರ ಉಳಿದುಹೋದ ಚಂದ್ರಮತಿ

ಐನಾಪುರದ ಜೈನ ಬಸ್ತಿಯಲ್ಲಿ ಯಾವ ಪೂಜೆ ನಡೆದರೂ ಒಲೆಯ ಮುಂದೆ ನಿಲ್ಲುತ್ತಿದ್ದವಳು ಚಂದ್ರಮತಿ. ಮುನ್ನೂರು ಜನರ ಊಟವೆಂದರೂ ಹೆದರುತ್ತಿರಲಿಲ್ಲ. ಒಂದು ಹಿಡಿ ತೊಗರಿಬೇಳೆಯನ್ನು ಅಂಗೈಯಲ್ಲಿ ತಿಕ್ಕಿ ನೋಡಿ ಇದಕ್ಕೆ ಇಷ್ಟು ಹೊತ್ತು ಬೇಕು ಎಂದರೆ ಅಷ್ಟೇ ಹೊತ್ತಿಗೆ ಬೇಯುತ್ತಿತ್ತು. ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲ. ನೆಲದೊಳಗೆ ಬೆಳೆಯುವ ಗಡ್ಡೆ ಇಲ್ಲ. ನೀರು ಸೋಸಿದ್ದೇ ಆಗಬೇಕು, ಊಟ ಹೊತ್ತು ಮುಳುಗುವ ಮೊದಲೇ ಮುಗಿಯಬೇಕು. ಇಷ್ಟು ಕಟ್ಟಳೆಯೊಳಗೆ ರುಚಿ ಹುಟ್ಟಿಸುವುದು ಎಲ್ಲರ ಕೈಗೂ ಬರುವ ವಿದ್ಯೆಯಲ್ಲ.

ಅದೇ ಕೈಗುಣ ಅವಳನ್ನು ಊರ ಹೊರಗೆ ಕರೆದುಕೊಂಡು ಹೋಯಿತು. ಬೀಜ, ಗೊಬ್ಬರದ ಅಂಗಡಿಯ ಬಾಪುಸಾಹೇಬ 1983ರಿಂದ ಪ್ರತಿ ವರ್ಷ ಒಂದು ಬಸ್ಸು ಗೊತ್ತು ಮಾಡಿ ಊರ ಜೈನರನ್ನು ಸಮ್ಮೇದ ಶಿಖರಕ್ಕೆ ಯಾತ್ರೆ ಕರೆದೊಯ್ಯುತ್ತಿದ್ದ. ಇಪ್ಪತ್ತೆರಡು ದಿನದ ಪ್ರವಾಸ. ದಾರಿಯಲ್ಲಿ ಹೋಟೆಲಿನ ಅನ್ನ ಯಾರೂ ಮುಟ್ಟುವವರಲ್ಲ. ಹೀಗಾಗಿ ಅಡುಗೆಗೆ ಚಂದ್ರಮತಿಯೇ ಬೇಕೆಂದು ಅವನು ಅವಳ ಗಂಡ ಭೂಪಾಲನ ಹತ್ತಿರ ಬಂದು ಕೂತ. ಭೂಪಾಲನಿಗೆ ಹೊಳೆಯ ದಂಡೆಗೆ ನಾಲ್ಕು ಎಕರೆ ಕಬ್ಬು, ಮೇಲೆ ಕಲ್ಲುನೆಲದ ಮಡ್ಡಿಯಲ್ಲಿ ಒಂದು ಎಕರೆ ದ್ರಾಕ್ಷಿ. ತಾನು ಕಬ್ಬು ಬಿಟ್ಟು ಬರುವಂತಿಲ್ಲ, ಆಕೆ ಹೋಗಿ ಬರಲಿ, ಬಂದ ಪುಣ್ಯದಲ್ಲಿ ಅರ್ಧ ತನಗೆ ಕೊಟ್ಟರೆ ಸಾಕು ಎಂದ.

ಚಂದ್ರಮತಿಗೆ ಆಗ ಮೂವತ್ತೆಂಟು ವರ್ಷ. ತವರು ಗಡಿಯಾಚೆ, ಮರಾಠಿ ಮಾತಿನ ಶಿರೋಳದ ಕಡೆ, ಗಂಡನ ಮನೆ ಈಚೆ. ಅವಳು ಕಂಡ ದೇಶ ಅಷ್ಟೇ. ಉಳಿದ ದೇಶವೆಲ್ಲ ಐನಾಪುರದ ಹಾಗೆಯೇ, ಸ್ವಲ್ಪ ದೊಡ್ಡದಾಗಿ ಇರುತ್ತದೆ ಎಂದುಕೊಂಡು ಬಸ್ಸು ಹತ್ತಿದಳು.

ನಾಗಪುರ ದಾಟಿದ ಮರುದಿನವೇ ಅವಳ ಬೇಳೆ ಬೇಯಲಿಲ್ಲ. ಒಂದೂವರೆ ತಾಸು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯಿತು. ಜನ ಎಲೆಯ ಮುಂದೆ ಕೂತಿದ್ದರು. ಅವಳಿಗೆ ಅಳು ಬರುವಂತಾಗಿ, ಐನಾಪುರದ ಅಂಗಡಿಯವನು ಹಳೆಯ ಬೇಳೆ ಕಟ್ಟಿಕೊಟ್ಟನೆಂದು ಮನಸಾರೆ ಬೈದಳು. ಮೂರು ದಿನ ಬಿಟ್ಟು ಇನ್ನೊಂದು ಊರಿನಲ್ಲಿ ಅದೇ ಚೀಲದ ಬೇಳೆ ಅರ್ಧ ತಾಸಿನಲ್ಲಿ ಬೆಣ್ಣೆಯಂತೆ ಕರಗಿತು. ಅಂಗಡಿಯವನದು ತಪ್ಪಲ್ಲ, ನೀರಿನದು ಎಂದು ಆಗ ತಿಳಿಯಿತು. ಮುಂದೆ ಪ್ರತಿ ಊರಿನಲ್ಲೂ ಮೊದಲು ನೀರನ್ನು ಬಾಯಿಗೆ ಹಾಕಿ ನೋಡುವುದು ಕಲಿತಳು. ಒಂದು ಕಡೆ ನೀರು ಸವಳು, ಒಂದು ಕಡೆ ಕಬ್ಬಿಣ ನೆಕ್ಕಿದ ಹಾಗೆ, ಒಂದು ಕಡೆ ಯಾವ ರುಚಿಯೂ ಇಲ್ಲ. ಹಿಟ್ಟು ಒಂದು ಕಡೆ ನಾದಿದಷ್ಟೂ ಹಿಗ್ಗುತ್ತಿತ್ತು, ಇನ್ನೊಂದು ಕಡೆ ಲಟ್ಟಣಿಗೆಗೆ ಅಂಟುತ್ತಿತ್ತು. ಬೆಳಿಗ್ಗೆ ನೋಡಿದಾಗ ಎರೆಮಣ್ಣು, ಮಧ್ಯಾಹ್ನಕ್ಕೆ ಕೆಂಪು ಮಣ್ಣು. ನಿನ್ನೆಯ ಊರಿನಲ್ಲಿ ಹೆಂಗಸರ ಸೆರಗು ಎಡಹೆಗಲ ಮೇಲೆ, ಇವತ್ತಿನ ಊರಿನಲ್ಲಿ ಬಲಹೆಗಲ ಮೇಲೆ.

ಇದೆಲ್ಲ ಎಲ್ಲಿ ಬದಲಾಗುತ್ತದೆ ಎಂಬುದೇ ಅವಳಿಗೆ ತಿಳಿಯಲಿಲ್ಲ. ಎಲ್ಲೋ ಒಂದು ಕಡೆ ಬದು ಹಾಕಿದ ಹಾಗೆ ಇರಲೇಬೇಕು, ಈಚೆ ಒಂದು ಆಚೆ ಒಂದು. ಆ ಜಾಗವನ್ನು ಕಣ್ಣಾರೆ ನೋಡಬೇಕೆಂದು ಕಿಟಕಿಯ ಪಕ್ಕ ಕೂರುತ್ತಿದ್ದಳು. ಬದಲಾವಣೆ ಆಗುವ ಹೊತ್ತಿಗೆ ಸರಿಯಾಗಿ ಅವಳಿಗೆ ಜೊಂಪು ಹತ್ತುತ್ತಿತ್ತು, ಇಲ್ಲವೇ ಮಡಿಲಲ್ಲಿ ಹೀರೇಕಾಯಿ ಇಟ್ಟುಕೊಂಡು ಹೆಚ್ಚುತ್ತಿದ್ದಳು. ತಲೆ ಎತ್ತಿದರೆ ಆಗಲೇ ಬೇರೆ ಸೀಮೆ.

ಊರಿಗೆ ಬಂದ ಮೇಲೆ ಓಣಿಯವರು ಬಂದು ಸುತ್ತ ಕೂತು, ದೇಶ ಹೇಗಿದೆ ಎಂದು ಕೇಳುತ್ತಿದ್ದರು. ಅವಳು ಬಾಯಿ ತೆರೆದು ಒಂದೆರಡು ಮಾತು ಹೇಳಿ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಜೊತೆಗೆ ಹೋಗಿದ್ದ ಬೇರೆಯವರು ಶಿಖರ ಹೀಗಿತ್ತು, ಗಂಗೆ ಹಾಗಿತ್ತು ಎಂದು ಸರಾಗ ಹೇಳುತ್ತಿದ್ದರು.

"ಏನ ಹೇಳ್ಲಿಬೇ, ಅದು ಒಂದಿಲ್ಲ," ಎನ್ನುತ್ತಿದ್ದಳು ಚಂದ್ರಮತಿ. "ಹೇಳಾಕ ಹೋದ್ರ ಮೊದ್ಲ ಹೇಳಿದ್ದು ಸುಳ್ಳ ಆಗತೈತಿ."

1988ರ ಫಾಲ್ಗುಣದಲ್ಲಿ ಜನ ಹೆಚ್ಚಾಗಿ ಎರಡು ಬಸ್ಸು ಮಾಡಬೇಕಾಯಿತು. ಚಂದ್ರಮತಿಯ ನೆಗೆಣ್ಣಿ ಕಾಶಿಬಾಯಿ, ಅಂದರೆ ಮೈದುನನ ಹೆಂಡತಿ, ಆ ವರ್ಷ ಅಡುಗೆಗೆ ಜೊತೆಯಾದಳು. ಚಂದ್ರಮತಿ ಒಂದು ದಿನ ಮುಂದಿನ ಬಸ್ಸಿನಲ್ಲಿ, ಒಂದು ದಿನ ಹಿಂದಿನದರಲ್ಲಿ ಕೂರುತ್ತಿದ್ದಳು. ಪಾತ್ರೆ ಒಂದರಲ್ಲಿ, ದಿನಸಿ ಇನ್ನೊಂದರಲ್ಲಿ ಇದ್ದುದರಿಂದ ಅದು ಅನಿವಾರ್ಯವಾಗಿತ್ತು. ಮುಂದಾದದ್ದಕ್ಕೆಲ್ಲ ಅದೇ ಮೂಲವಾಯಿತು.

ಶಿಖರದ ದರ್ಶನ ಮುಗಿಯಿತು. ವಾಪಸು ಬರುವಾಗ ಮುಂದಿನ ಬಸ್ಸಿನ ಡ್ರೈವರು ಹೊಸ ದಾರಿ ಹಿಡಿದ. ರಾಂಚಿಯ ಮೇಲೆ ಹೋದರೆ ಒಂದು ದಿನ ಉಳಿಯುತ್ತದೆ ಎಂದು ಅವನಿಗೆ ಯಾರೋ ಹೇಳಿದ್ದರಂತೆ. ರಾಂಚಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಕಾಡು. ಗುಡ್ಡದ ಮೇಲೆ ಗುಡ್ಡ, ನಡುವೆ ಒಂದು ಊರು ಸಿಗುವುದೇ ಅಪರೂಪ. ಒಂದು ಬೆಳಿಗ್ಗೆ ರಸ್ತೆಯಿಂದ ತುಸು ಕೆಳಗೆ, ಮರಗಳ ನಡುವೆ ಒಂದು ಬಾವಿ ಕಂಡಿತೆಂದು ಬಸ್ಸು ನಿಲ್ಲಿಸಿದರು. ಚಂದ್ರಮತಿ ಇಳಿದು ನೀರು ಸೇದಿ, ದಪ್ಪ ಅರಿವೆಯಲ್ಲಿ ಸೋಸಿ, ಎಂಟು ಕೊಡ ತುಂಬಿಸಿ ಕಳಿಸಿದಳು. ತಿಂಡಿಯಾಯಿತು, ಪಾತ್ರೆ ತೊಳೆದರು. ಜನ ಬಸ್ಸು ಹತ್ತತೊಡಗಿದರು.

ಅಷ್ಟರಲ್ಲಿ ಅವಳಿಗೆ ಅರಿವೆಯ ನೆನಪಾಯಿತು. ನೀರು ಸೋಸಿದ ಮೇಲೆ ಅರಿವೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಮತ್ತೆ ಅದೇ ಬಾವಿಗೆ, ಎತ್ತರದಿಂದ ಚೆಲ್ಲದೆ ನೀರಿನ ಮಟ್ಟಕ್ಕೆ ಇಳಿಸಿ ಬಿಡಬೇಕು. ಬೇರೆ ನೀರಿಗೆ ಬಿಟ್ಟರೆ ಅವು ಬದುಕುವುದಿಲ್ಲ. ತಾಯಿಯ ಹೊಟ್ಟೆಯಿಂದಲೇ ಬಂದಂಥ ಅಭ್ಯಾಸ ಅದು. ಅವಳು ಹಿತ್ತಾಳೆಯ ಚರಿಗೆ ಹಿಡಿದು, ಅರಿವೆ ಹೆಗಲಿಗೆ ಹಾಕಿ ಮತ್ತೆ ಬಾವಿಯ ಕಡೆ ಇಳಿದಳು. ಅರಿವೆಯನ್ನು ಚರಿಗೆಯ ನೀರಿನಲ್ಲಿ ಜಾಲಿಸಿ, ಚರಿಗೆಯನ್ನು ಬಾವಿಯ ಹಗ್ಗಕ್ಕೆ ಕಟ್ಟಿ ಮೆಲ್ಲಗೆ ಇಳಿಸಿ, ನೀರಿಗೆ ತಾಗಿತೆಂದು ಗೊತ್ತಾದ ಮೇಲೆ ವಾಲಿಸಿ, ಮತ್ತೆ ಎಳೆದುಕೊಂಡಳು. ಮೇಲೆ ಬಂದಾಗ ರಸ್ತೆಯ ಮೇಲೆ ಧೂಳು ಮಾತ್ರ ಇತ್ತು.

ಮೊದಲು ಅವಳು ಗಾಬರಿಯಾಗಲಿಲ್ಲ. ಬಸ್ಸನ್ನು ನೆರಳಿಗೆ ತೆಗೆದಿರಬೇಕೆಂದು ತಿರುವಿನ ತನಕ ನಡೆದು ನೋಡಿದಳು. ಆಮೇಲೆ ತಾನೇ ಬೇರೆ ಕಡೆಯಿಂದ ಹತ್ತಿ ಬಂದೆನೇನೋ ಎಂದು ಮತ್ತೆ ಬಾವಿಗೆ ಹೋಗಿ ಬಂದಳು. ಬಾವಿ ಅದೇ. ಮೂರು ಕಲ್ಲಿನ ಒಲೆಯ ಬೂದಿ ಇನ್ನೂ ಬಿಸಿಯಾಗಿತ್ತು. ಮುಂದಿನ ಬಸ್ಸಿನವರು ಆಕೆ ಹಿಂದಿನದರಲ್ಲಿದ್ದಾಳೆಂದು, ಹಿಂದಿನವರು ಮುಂದಿನದರಲ್ಲಿದ್ದಾಳೆಂದು ತಿಳಿದಿದ್ದರು. ಅವಳು ಬಾಪುಸಾಹೇಬನ ಮೇಲೆ ಸಿಟ್ಟಾಗಬೇಕೋ, ತನ್ನ ಮೇಲೋ ತಿಳಿಯದೆ ರಸ್ತೆಯ ಪಕ್ಕ ಕೂತಳು. ಕೈಯಲ್ಲಿ ಚರಿಗೆ, ಹೆಗಲ ಮೇಲೆ ಒದ್ದೆ ಅರಿವೆ. ಬೇರೇನೂ ಇರಲಿಲ್ಲ. ಯಾವ ಊರು ಎಂಬುದೂ ಗೊತ್ತಿರಲಿಲ್ಲ.

ಎರಡು ಲಾರಿ ಹೋದವು. ಒಂದು ನಿಂತಿತು. ಡ್ರೈವರು ಹಿಂದಿಯಲ್ಲಿ ಯಾವ ಊರೆಂದು ಕೇಳಿದ. ಐನಾಪುರ ಎಂದಳು. ಅದು ಎಲ್ಲಿದೆ ಎಂದ. ಅಥಣಿಯ ಹತ್ತಿರ ಎಂದಳು. ಅವನು ತಲೆ ಅಲ್ಲಾಡಿಸಿದ. ಮಿರಜ ಎಂದಳು, ಕೃಷ್ಣಾ ಹೊಳೆ ಎಂದಳು. ಯಾವ ರಾಜ್ಯ ಎಂದು ಕೇಳಿದ. ತವರಿನ ಹೆಸರು ಮೊದಲು ಹೇಳಬೇಕೋ ಗಂಡನ ಮನೆಯದೋ ಎಂದು ಯೋಚಿಸುತ್ತಿರುವಾಗಲೇ ಅವನು ಗೇರು ಹಾಕಿಕೊಂಡು ಹೋಗಿಬಿಟ್ಟ.

ಹೊತ್ತು ನೆತ್ತಿಯಿಂದ ಇಳಿದಾಗ ಕಾಡಿನ ಕಡೆಯಿಂದ ಒಬ್ಬ ಹೆಂಗಸು ಬಂದಳು. ಕಪ್ಪಗೆ, ಗಟ್ಟಿಮುಟ್ಟಾಗಿ, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದಳು. ತಲೆಯ ಮೇಲೆ ಬುಟ್ಟಿ. ಬುಟ್ಟಿಯಲ್ಲಿ ತಿಳಿಹಳದಿಯ, ರಸ ತುಂಬಿದ ಸಣ್ಣ ಸಣ್ಣ ಗುಂಡುಗಳು. ಚಂದ್ರಮತಿಯ ಕಣ್ಣಿಗೆ ಅವು ದ್ರಾಕ್ಷಿಯಂತೆ ಕಂಡವು. ಈ ಕಾಡಿನಲ್ಲೂ ನಮ್ಮ ಮಡ್ಡಿಯ ಹಾಗೆ ದ್ರಾಕ್ಷಿ ಹಾಕಿದ್ದಾರೆಂದು ಒಂದು ಕ್ಷಣ ಜೀವ ತಂಪಾಯಿತು. ಆ ಹೆಂಗಸು ಒಂದು ಹಿಡಿ ಕೊಟ್ಟಳು. ಹಸಿದಿದ್ದ ಚಂದ್ರಮತಿ ಒಂದನ್ನು ಬಾಯಿಗೆ ಹಾಕಿದಳು. ಸಿಹಿಯಿತ್ತು, ಆದರೆ ಆ ಸಿಹಿಯ ಹಿಂದೆ ಬೇರೆ ಏನೋ ವಾಸನೆ ಇತ್ತು. ಹಣ್ಣಲ್ಲ, ಹೂವು. ನುಂಗಿದ ಮೇಲೆ ಗೊತ್ತಾಯಿತು. ಉಳಿದವನ್ನು ಕೈಯಲ್ಲೇ ಹಿಡಿದು ಕೂತಳು.

ಹೆಂಗಸು ಏನೋ ಕೇಳಿದಳು. ಹಿಂದಿಯಲ್ಲ. ಚಂದ್ರಮತಿ ತನಗೆ ಬಂದ ಹಿಂದಿಯಲ್ಲಿ ಹೇಳಿದಳು, ಅವಳಿಗೆ ತಿಳಿಯಲಿಲ್ಲ. ಮರಾಠಿಯಲ್ಲಿ ಹೇಳಿದಳು. ಕೊನೆಗೆ ಕನ್ನಡದಲ್ಲಿ, ಯಾರಿಗೂ ಅಲ್ಲವೆಂಬಂತೆ, ನನ್ನ ಬಿಟ್ಟು ಹೋದರು ಎಂದಳು. ಹೆಂಗಸು ಹೊತ್ತು ನೋಡಿ, ಕಾಡಿನ ಕಡೆ ಕೈ ಮಾಡಿ, "ಬರೈ," ಎಂದಳು.

ಚಂದ್ರಮತಿ ಎದ್ದು ನಾಲ್ಕು ಹೆಜ್ಜೆ ನಡೆದ ಮೇಲೆ ನಿಂತಳು. ಬರ್ರಿ ಎಂದಳಲ್ಲವೇ ಈಕೆ? ಮತ್ತೆ ಕೇಳೋಣವೆಂದರೆ ಹೇಗೆ ಕೇಳಬೇಕೆಂದು ತಿಳಿಯಲಿಲ್ಲ. ಹಸಿವೆಗೆ ಕಿವಿ ಆಡಿದ ಆಟವೆಂದುಕೊಂಡು ಆ ಹೆಂಗಸಿನ ಹಿಂದೆ ನಡೆದಳು.

ಅವಳ ಹೆಸರು ಬುಧನಿ. ಕಾಡಿನ ಅಂಚಿಗೆ ಎಂಟು ಹತ್ತು ಮಣ್ಣಿನ ಮನೆ, ಗೋಡೆ ಕನ್ನಡಿಯ ಹಾಗೆ ನುಣ್ಣಗೆ ಸಾರಿಸಿದ್ದವು. ಮನೆಯಲ್ಲಿ ಬುಧನಿ ಮತ್ತು ಅವಳ ಮುದಿ ಅತ್ತೆ ಇಬ್ಬರೇ. ಗಂಡ ಅಸ್ಸಾಮಿನ ಚಹಾ ತೋಟಕ್ಕೆ ದುಡಿಯಲು ಹೋಗಿದ್ದ. ಅಂಗಳದ ತುಂಬ ಅವೇ ಹೂವು, ಒಣಗಲು ಹರವಿದ್ದವು. ಒಣಗಿ ಕಂದುಬಣ್ಣಕ್ಕೆ ತಿರುಗಿದವು ಥೇಟು ಒಣದ್ರಾಕ್ಷಿಯೇ. ಊರಲ್ಲಿ ಶೆಡ್ಡಿನೊಳಗೆ ಬಲೆಯ ಮೇಲೆ ಹರವುವುದನ್ನು ಇಲ್ಲಿ ನೆಲದ ಮೇಲೆ ಹರವಿದ್ದಾರೆ, ಅಷ್ಟೇ ಬೇರೆ ಎನ್ನಿಸಿತು.

ಹೊತ್ತು ಮುಳುಗಲು ಇನ್ನು ಸ್ವಲ್ಪವೇ ಇತ್ತು. ಅತಿಥಿ ಉಂಡಿಲ್ಲವೆಂದು ಮುದುಕಿಗೆ ತಿಳಿಯಿತು. ಒಳಗೆ ಹೋಗಿ ಬುಟ್ಟಿ ತಂದು, ಬೇಯಿಸಿದ ಗೆಣಸನ್ನು ಒಂದೊಂದಾಗಿ ಚಂದ್ರಮತಿಯ ಮುಂದೆ ಇಡತೊಡಗಿದಳು. ನೆಲದೊಳಗಿನದನ್ನು ಚಂದ್ರಮತಿ ಹುಟ್ಟಿದ ಮೇಲೆ ತಿಂದವಳಲ್ಲ. ಬೇಡವೆನ್ನಲು ಕೈ ಎತ್ತಿದಳು. ಮುದುಕಿ ಕೇಳಿಸಿಕೊಳ್ಳದೆ ಎಣಿಸುತ್ತಲೇ ಇದ್ದಳು.

"ಒಂಟಾ. ಎಂಡ್. ಮೂಂದ್. ನಾಖ್."

ಎತ್ತಿದ ಕೈ ಅಲ್ಲೇ ನಿಂತಿತು. ಚಂದ್ರಮತಿ ಗೆಣಸುಗಳನ್ನು ನೋಡಿದಳು. ತಾನೂ ಒಂದೊಂದನ್ನೇ ಮುಟ್ಟಿ ಎಣಿಸಿದಳು: ಒಂದು, ಎರಡು, ಮೂರು, ನಾಕು. ಮುದುಕಿ ನಕ್ಕಳು, ಆಮೇಲೆ ನಗು ನಿಲ್ಲಿಸಿ ಅವಳ ಬಾಯನ್ನೇ ನೋಡಿದಳು. ಬುಧನಿಯನ್ನು ಕೂಗಿದಳು. ಮತ್ತೆ ಮೊದಲಿನಿಂದ ಇಬ್ಬರೂ ಸೇರಿ ಎಣಿಸಿದರು. ನಾಲ್ಕರ ತನಕ ಜೋಡಿ ಎತ್ತಿನ ಹಾಗೆ ಸರಿಯಾಗಿ ಬಂದರು. ಬುಧನಿ ಐದನೆಯ ಗೆಣಸು ತಂದಿಟ್ಟಳು. ಚಂದ್ರಮತಿ ಐದು ಎಂದಳು. ಮುದುಕಿ "ಪಂಚೇ" ಎಂದಳು.

ಐದು ಎಂದರೆ ಮರಾಠಿಯಲ್ಲಿ ಪಾಚ್. ನಾಲ್ಕರ ತನಕ ಗಂಡನ ಮನೆಯ ಮಾತು, ಐದರಿಂದ ಮುಂದೆ ಹೆಚ್ಚುಕಡಿಮೆ ತವರಿನ ಮಾತು. ಶಿಖರಜಿಯ ಆಚೆಯ ಈ ಕಾಡಿನಲ್ಲಿ, ಈ ಮುದುಕಿಯ ಬಾಯೊಳಗೆ ಐನಾಪುರದ ಗಡಿಯನ್ನು ತಂದು ಇಟ್ಟವರು ಯಾರು?

ಆ ರಾತ್ರಿ ಉಪವಾಸ ಮಲಗಿದಳು. ಮರುದಿನ ಬುಧನಿ ಹೊಸ ಮಡಕೆಯೊಂದನ್ನು, ಅಕ್ಕಿ ಉಪ್ಪನ್ನು ಕೊಟ್ಟಳು. ಚಂದ್ರಮತಿ ಅಂಗಳದ ಮೂಲೆಯಲ್ಲಿ ಬೇರೆ ಒಲೆ ಹೂಡಿ, ನೀರು ಸೋಸಿ ಅನ್ನ ಮಾಡಿಕೊಂಡಳು. ಸೋಸಿದ ಅರಿವೆಯನ್ನು ಮತ್ತೆ ಬಾವಿಗೆ ಒಯ್ಯುವುದನ್ನು ಓಣಿಯ ಹೆಂಗಸರು ಸಾಲಾಗಿ ನಿಂತು ನೋಡಿದರು. ಹುಚ್ಚಿ ಎಂದುಕೊಂಡರೋ ಪೂಜೆ ಎಂದುಕೊಂಡರೋ, ಯಾರೂ ಅಡ್ಡ ಬರಲಿಲ್ಲ.

ಮೂರು ದಿನ ಅವಳು ಮತ್ತು ಮುದುಕಿ ಹೂವು ಆರಿಸುತ್ತ ಮಾತಿನ ತಪಾಸಣೆ ಮಾಡಿದರು. ಚಂದ್ರಮತಿ ಕಣ್ಣು ತೋರಿಸಿದಳು. ಮುದುಕಿ "ಖನ್ನ್" ಎಂದಳು. ಹಲ್ಲು ತೋರಿಸಿದರೆ "ಪಲ್ಲ್". ಬಾಯಿಗೆ ಬಾಯಿಯೇ, ತುಸು ಎಳೆದು ಹೇಳಿದ ಹಾಗೆ. ನೀನು ಎನ್ನಲು "ನೀನ್". ಖುಷಿಯಿಂದ ತಲೆ ಮುಟ್ಟಿ ತೋರಿಸಿದರೆ ಬೇರೆ ಏನೋ ಹೇಳಿದಳು. ಮನೆಗೂ ಬೇರೆಯೇ. ಒಮ್ಮೆ ಮುದುಕಿ "ಅಮ್ಮ್, ಅಮ್ಮ್" ಎಂದು ಕೂಗಿದಾಗ ಪಾಪ ಸತ್ತ ತಾಯಿಯನ್ನು ನೆನೆಯುತ್ತಿದ್ದಾಳೆಂದು ಚಂದ್ರಮತಿ ಬೆನ್ನು ಸವರಿದಳು. ಮುದುಕಿಗೆ ಬೇಕಾಗಿದ್ದುದು ನೀರು. ಹತ್ತು ಮಾತಿನಲ್ಲಿ ಮೂರು ಹೊಂದುತ್ತಿದ್ದವು, ಏಳು ಕೈ ಕೊಡುತ್ತಿದ್ದವು. ಹೊಂದಿದಾಗ ಹೊಂದಿತಲ್ಲ ಎಂದು ದಿಗಿಲು, ಹೊಂದದಿದ್ದಾಗ ಯಾಕೆ ಹೊಂದಲಿಲ್ಲ ಎಂದು ದಿಗಿಲು.

ಮೂರನೆಯ ದಿನ ರಾಂಚಿಯಲ್ಲಿ ಕೆಲಸ ಮಾಡಿ ಬಂದಿದ್ದ ನೆರೆಯವನೊಬ್ಬ ಸಿಕ್ಕಿದ. ಅವನಿಗೆ ಹಿಂದಿ ಬರುತ್ತಿತ್ತು. ಅವನಿಂದ ಅವಳು ಎರಡು ಸಂಗತಿ ತಿಳಿದಳು. ಇವರ ಮಾತಿನ ಹೆಸರು ಕುಡುಖ್. ಅಂಗಳದಲ್ಲಿ ಒಣಗಿಸುವ ಹೂವು ಮಹುವಾ, ಅದರಿಂದ ಸಾರಾಯಿ ಇಳಿಸುತ್ತಾರೆ. ಎರಡನೆಯದನ್ನು ಕೇಳಿ ಅವಳು ಎದ್ದು ಹೋಗಿ ಬಾಯಿ ಮುಕ್ಕಳಿಸಿದಳು. ತಾನು ತಿಂದದ್ದು ಹೂವೋ ಹೆಂಡವೋ, ವ್ರತ ಮುರಿಯಿತೋ ಉಳಿಯಿತೋ, ಕೇಳಲು ಹತ್ತಿರದಲ್ಲಿ ಯಾರೂ ಇರಲಿಲ್ಲ. ಅವನು ಮಾತ್ರ ರಸ್ತೆಗೆ ಹೋಗಿ, ಹೋಗಿ ಬರುವ ಲಾರಿಯವರಿಗೆಲ್ಲ ಈ ಹೆಂಗಸಿನ ಸುದ್ದಿ ಹೇಳಿಟ್ಟ.

ಅತ್ತ, ಮಧ್ಯಾಹ್ನ ಬಸ್ಸಿನಲ್ಲೇ ಬುತ್ತಿ ಬಿಚ್ಚಿದ್ದರಿಂದ ಯಾರಿಗೂ ತಿಳಿಯದೆ, ಮೊದಲ ಸಂಜೆಯ ಅಡುಗೆಯ ಹೊತ್ತಿಗೆ ಕಾಶಿಬಾಯಿ ಎರಡೂ ಬಸ್ಸು ಹತ್ತಿ ಇಳಿದು ಬೋರಾಡಿ ಅತ್ತಿದ್ದಳು. ಬೆಳಿಗ್ಗೆಯಿಂದ ಯಾವ ಯಾವ ಬಾವಿಯ ಹತ್ತಿರ ನಿಂತೆವು ಎಂಬುದರಲ್ಲೇ ಜನಕ್ಕೆ ಒಮ್ಮತವಿರಲಿಲ್ಲ. ಬಾಪುಸಾಹೇಬ ಬಸ್ಸುಗಳನ್ನು ಒಂದು ಧರ್ಮಶಾಲೆಯಲ್ಲಿ ನಿಲ್ಲಿಸಿ, ಲಾರಿ ಹಿಡಿದು ಹಿಂದೆ ಬಂದು, ಕಂಡ ಕಂಡ ಬಾವಿಯ ಹತ್ತಿರ ಇಳಿದು ಕೂಗಿದ. ನಾಲ್ಕನೆಯ ದಿನ ಒಬ್ಬ ಲಾರಿಯವನು ಹೇಳಿದ ಗುರುತು ಹಿಡಿದು ಬುಧನಿಯ ಅಂಗಳಕ್ಕೆ ಬಂದಾಗ ಚಂದ್ರಮತಿ ಮುದುಕಿಯ ಎದುರು ಕೂತು ಹೂವು ಆರಿಸುತ್ತ ಕನ್ನಡದಲ್ಲಿ ಮಾತಾಡುತ್ತಿದ್ದಳು. ಮುದುಕಿ ತನ್ನ ಮಾತಿನಲ್ಲಿ ಹೂಂಗುಟ್ಟುತ್ತಿದ್ದಳು.

ಚಂದ್ರಮತಿ ಅವನನ್ನು ನೋಡಿ ಅಳಲಿಲ್ಲ, ಬೈಯಲಿಲ್ಲ.

"ಅಣ್ಣಾರ, ಇವ್ರು ನಮ್ಮವ್ರ ಅದಾರ," ಎಂದಳು. "ನಾಕರ ತನಕ ನಮ್ಮಂಗ ಎಣಸ್ತಾರ."

ಬಾಪುಸಾಹೇಬ ಒಂದು ಹೆಜ್ಜೆ ಹಿಂದೆ ಸರಿದ. "ವೈನಿ, ನಾಕ ದಿನ ಅನ್ನ ನೀರ ಇಲ್ದ ತಲಿ ಸುತ್ತೇತ್ರಿ ನಿಮಗ. ಮೊದ್ಲ ಏಳ್ರಿ," ಎಂದ.

ಮುದುಕಿಯನ್ನು ಎಣಿಸಲು ಹೇಳೋಣವೆಂದು ಚಂದ್ರಮತಿ ಅವಸರದಲ್ಲಿ ಹೂವುಗಳನ್ನು ಸಾಲಾಗಿ ಇಟ್ಟಳು. ಹೊಸ ಗಂಡಸನ್ನು ಕಂಡು ಮುದುಕಿ ಸೆರಗು ಎಳೆದುಕೊಂಡು ಬಾಯಿ ಮುಚ್ಚಿಬಿಟ್ಟಳು. ಲಾರಿಯವನು ಹಾರ್ನು ಹೊಡೆಯುತ್ತಿದ್ದ. ಬುಧನಿ ರಸ್ತೆಯ ತನಕ ಬಂದಳು. ಏನೋ ಒಂದಿಷ್ಟು ಉದ್ದ ಹೇಳಿದಳು. ಅದರಲ್ಲಿ ಚಂದ್ರಮತಿಗೆ ತಿಳಿದದ್ದು ನೀನ್ ಎಂಬ ಒಂದೇ ಮಾತು. ಚಂದ್ರಮತಿ ತನ್ನ ಹಿತ್ತಾಳೆಯ ಚರಿಗೆಯನ್ನು ಅವಳ ಕೈಗೆ ಇಟ್ಟು ಲಾರಿ ಹತ್ತಿದಳು.

ಐನಾಪುರದಲ್ಲಿ ಅವಳು ಬದುಕಿ ಬಂದದ್ದೇ ದೊಡ್ಡ ಮಾತಾಯಿತು. ಭೂಪಾಲ ಬಸ್ತಿಯಲ್ಲಿ ಅಭಿಷೇಕ ಮಾಡಿಸಿದ. ಕೃಷ್ಣೆಯ ದಂಡೆಯಿಂದ ಸಾವಿರ ಮೈಲು ಆಚೆ, ಕಾಡಿನೊಳಗೆ ಕನ್ನಡದ ಹಾಗೆ ಎಣಿಸುತ್ತಾರೆ ಎಂಬುದನ್ನು ಮಾತ್ರ ಯಾರೂ ನಂಬಲಿಲ್ಲ. ಆ ದಿನಗಳಲ್ಲಿ ಕನ್ನಡ, ಮರಾಠಿ ಎಂಬ ಗಡಿಯ ಗಲಾಟೆ ಬಿಸಿಯಾಗಿಯೇ ಇತ್ತು. ರಾತ್ರಿ ಬೆಳಗಾಗುವುದರಲ್ಲಿ ಯಾರೋ ಮರಾಠಿ ಬೋರ್ಡಿಗೆ ಡಾಂಬರು ಬಳಿದಿರುತ್ತಿದ್ದರು. ಅಂಗಡಿಯ ಕಟ್ಟೆಯ ಮೇಲೆ ಗಂಡಸರು ಈ ಊರು ಯಾರದು, ಆ ಊರು ಯಾರದು ಎಂದು ಕುಸ್ತಿಗೆ ಇಳಿದ ಹಾಗೆ ವಾದಿಸುತ್ತಿದ್ದರು. ಚಂದ್ರಮತಿ ನೀರಿಗೆ ಹೋಗುವಾಗ ಯಾರಾದರೂ, ನಿಮ್ಮ ರಾಂಚಿಯನ್ನು ಯಾವ ಕಡೆ ಹಾಕೋಣರಿ ಎಂದು ಕೇಳಿ ನಗುತ್ತಿದ್ದರು. ಗಂಡನೂ ಒಮ್ಮೆ ಮೆಲ್ಲಗೆ, ಜನರೆದುರು ಅದನ್ನು ಹೇಳಬೇಡ ಎಂದ. ಅವಳು ಹೇಳುವುದನ್ನು ಬಿಟ್ಟಳು.

ಬಿಟ್ಟ ಮೇಲೆ ಅವಳಿಗೇ ಅನುಮಾನ ಹತ್ತಿತು. ಪಲ್ಲ್ ಎಂದದ್ದು ನಿಜವೇ? ಹಲ್ಲು ಎಂದು ತಾನೇ ಮೊದಲು ಹೇಳಿ, ಮುದುಕಿ ಅದನ್ನೇ ತಿರುಗಿ ಹೇಳಿದಳೇನೋ. ದಿನ ಕಳೆದಂತೆ ಯಾವುದು ಅವರ ಮಾತು, ಯಾವುದು ತನ್ನದು ಎಂದು ಕಲಸಿಹೋಯಿತು. ಆ ಮಳೆಗಾಲ ಶೇಡಬಾಳದಲ್ಲಿ ಒಬ್ಬ ಮುನಿಗಳು ಚಾತುರ್ಮಾಸಕ್ಕೆ ಕೂತಿದ್ದರು. ಅವರ ಮುಂದೆ ಹೋಗಿ ಮಹುವಾ ಹೂವು ತಿಂದದ್ದನ್ನು ಹೇಳಿಕೊಂಡಳು. ಅರಿಯದೆ ತಿಂದದ್ದಕ್ಕೆ ಒಂದು ದಿನದ ಉಪವಾಸ ಸಾಕು ಎಂದರು. ಅದು ಹಗುರಾಯಿತು. ಆಮೇಲೆ ಎಣಿಕೆಯ ಮಾತು ಕೇಳಿದಳು. ಮುನಿಗಳು, ಭಗವಂತನ ದಿವ್ಯಧ್ವನಿ ಹದಿನೆಂಟು ಮಹಾಭಾಷೆ, ಏಳುನೂರು ಕಿರುಭಾಷೆಗಳಲ್ಲಿ ಎಲ್ಲ ಜೀವಿಗಳಿಗೂ ಅವರವರ ಮಾತಾಗಿಯೇ ಕೇಳಿಸುತ್ತದೆ ಎಂದು ತಿಳಿಹೇಳಿದರು. ಅವಳು ಕೈ ಮುಗಿದು ಬಂದಳು. ದಾರಿಯಲ್ಲಿ ಯೋಚಿಸಿದರೆ ಅದೂ ಹೊಂದಲಿಲ್ಲ. ದಿವ್ಯಧ್ವನಿಯಲ್ಲಿ ಎಲ್ಲವೂ ತಿಳಿಯುತ್ತದೆ. ತನಗೆ ತಿಳಿದದ್ದು ಹತ್ತಕ್ಕೆ ಮೂರು.

ಯಾತ್ರೆಯ ಬಸ್ಸು ತಪ್ಪಿಸಲಿಲ್ಲ. ಪ್ರತಿ ವರ್ಷವೂ ರಾಂಚಿಯ ದಾರಿ ಹಿಡಿಯಲು ಹೇಳುತ್ತಿದ್ದಳು. ಆ ಹೆಸರು ಕೇಳಿದರೇ ಬಾಪುಸಾಹೇಬ ಕೈ ಮುಗಿಯುತ್ತಿದ್ದ.

ಆರು ವರ್ಷ ಹೀಗೇ ಹೋಯಿತು. 1994ರ ಸುಮಾರಿಗೆ ಮಿರಜದಿಂದ ಬರುವ ರೈಲಿನ ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕುವ ಕೆಲಸ ನಡೆದಿತ್ತು. ಉಗಾರದ ಹತ್ತಿರ ಹಳಿಯ ಪಕ್ಕ ಕೂಲಿಯವರು ತಾಡಪಾಲು ಹೊದಿಸಿ ಗುಡಿಸಲು ಹಾಕಿದ್ದರು. ಅವರು ರಾಂಚಿಯ ಕಡೆಯವರಂತೆ ಎಂದು ಕಬ್ಬಿನ ಗಾಡಿಯವನೊಬ್ಬ ಮಾತಿಗೆ ಹೇಳಿದ. ಚಂದ್ರಮತಿ ಎರಡು ದಿನ ನಿದ್ದೆ ಮಾಡಲಿಲ್ಲ. ಹೋದರೆ ತಾನು ಕೇಳಿದ್ದು ಸುಳ್ಳೆಂದು ಗೊತ್ತಾಗಬಹುದು, ಹೋಗದಿದ್ದರೆ ಏನೂ ಗೊತ್ತಾಗುವುದಿಲ್ಲ. ಮೂರನೆಯ ದಿನ ಕಾಶಿಬಾಯಿಯನ್ನು ಎಬ್ಬಿಸಿಕೊಂಡು, ಎರಡು ಸೇರು ಒಣದ್ರಾಕ್ಷಿ ಕಟ್ಟಿಕೊಂಡು ಹೊರಟಳು.

ಗುಡಿಸಲ ಮುಂದೆ ನಾಲ್ಕೈದು ಹೆಂಗಸರು ಅನ್ನ ಬಸಿಯುತ್ತಿದ್ದರು. ಬುಧನಿಯದೇ ಮೈಬಣ್ಣ, ಸೀರೆ ಕಟ್ಟಿದ ರೀತಿಯೂ ಅದೇ. ಚಂದ್ರಮತಿ ಅವರ ಮುಂದೆ ಕುಕ್ಕರುಗಾಲಲ್ಲಿ ಕೂತು, ದ್ರಾಕ್ಷಿಯನ್ನು ಒಂದೊಂದಾಗಿ ಇಡುತ್ತ, ಒಂಟಾ, ಎಂಡ್, ಮೂಂದ್ ಎಂದಳು. ಹೆಂಗಸರು ಮುಖ ಮುಖ ನೋಡಿಕೊಂಡರು. ಒಬ್ಬಳು ತನ್ನ ಮಾತಿನಲ್ಲಿ ಎಣಿಸಿ ತೋರಿಸಿದಳು. ಒಂದಕ್ಕೊಂದು ಸಂಬಂಧವಿಲ್ಲ. ಅವಳ ಒಂದೂ ಬೇರೆ, ಎರಡೂ ಬೇರೆ. ಚಂದ್ರಮತಿ ಮೂರನೆಯ ದ್ರಾಕ್ಷಿಯ ಮೇಲಿಟ್ಟ ಬೆರಳನ್ನು ತೆಗೆಯಲಿಲ್ಲ. ಕಾಶಿಬಾಯಿ ಅವಳ ಭುಜ ಮುಟ್ಟಿದಳು.

"ಅಕ್ಕಾ, ನಡಿ ಹೋಗೂಣು. ನಾ ಊರಾಗ ಯಾರ ಮುಂದನೂ ಹೇಳಂಗಿಲ್ಲ."

ಆಗ ಎರಡನೆಯ ಗುಡಿಸಲಿನಿಂದ ಹಾಲು ಕುಡಿಯುವ ಕೂಸನ್ನು ಎತ್ತಿಕೊಂಡು ಒಬ್ಬ ತರುಣಿ ಹೊರಗೆ ಬಂದಳು. ಬಗ್ಗಿ ದ್ರಾಕ್ಷಿಯ ಸಾಲನ್ನು ನೋಡಿ, ತಪ್ಪಿದ ಪಾಠ ತುಂಬುವವಳಂತೆ, "ನಾಖ್," ಎಂದಳು.

ಕಾಶಿಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಚಂದ್ರಮತಿ ಕಣ್ಣು ತೋರಿಸಿದಳು, ಹಲ್ಲು ತೋರಿಸಿದಳು. ತರುಣಿ ಹೇಳುತ್ತ ಹೋದಳು. ಖನ್ನ್. ಪಲ್ಲ್. ಎಲ್ಲವೂ ಮುದುಕಿ ಹೇಳಿದ್ದೇ. ಚಂದ್ರಮತಿಗೆ ಹುಚ್ಚು ಹಿಡಿದಿರಲಿಲ್ಲ.

ತರುಣಿಯ ಹೆಸರು ಮಂಗ್ರಿ. ಅವಳಿಗೆ ಅಷ್ಟಿಷ್ಟು ಹಿಂದಿ ಬರುತ್ತಿತ್ತು. ಈ ಕ್ಯಾಂಪಿನಲ್ಲಿ ಕುಡುಖ್ ಆಡುವವರು ತಾನು, ತನ್ನ ಗಂಡ ಇಬ್ಬರೇ. ಉಳಿದವರು ಪಕ್ಕದ ಊರಿನವರೇ, ಆದರೆ ಅವರ ಮಾತೇ ಬೇರೆ ಎಂದಳು. ಚಂದ್ರಮತಿ ಆರು ವರ್ಷ ಹೊತ್ತುಕೊಂಡಿದ್ದ ಪ್ರಶ್ನೆಯನ್ನು ಕೇಳಿದಳು: ನಿಮ್ಮ ಮಾತಿನಲ್ಲಿ ನಮ್ಮ ಮಾತು ಹೇಗೆ ಬಂತು? ಮಂಗ್ರಿ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, ಅಜ್ಜಂದಿರ ಕಾಲದವರು ದಕ್ಷಿಣದ ಯಾವುದೋ ಹೊಳೆಯ ದಂಡೆಯಿಂದ ನಡೆಯುತ್ತ ನಡೆಯುತ್ತ ಆ ಕಾಡಿಗೆ ಬಂದರೆಂದು ಮುದುಕರು ಹೇಳುತ್ತಾರೆ, ನಿಜವೋ ಸುಳ್ಳೋ ತನಗೆ ಗೊತ್ತಿಲ್ಲ ಎಂದಳು. ಆಮೇಲೆ ತಿರುಗಿ ಅವಳೇ ಕೇಳಿದಳು, ನೀವು ಎಲ್ಲಿಂದ ಬಂದಿರಿ?

ಚಂದ್ರಮತಿ ಐನಾಪುರದ ಕಡೆ ಕೈ ಮಾಡಿದಳು. ಮಂಗ್ರಿ ಅದಲ್ಲ ಎಂಬಂತೆ ತಲೆಯಾಡಿಸಿದಳು. ಅದಕ್ಕೂ ಮೊದಲು ಎಲ್ಲಿಂದ ಎಂಬುದು ಅವಳ ಪ್ರಶ್ನೆಯಾಗಿತ್ತು. ಚಂದ್ರಮತಿಗೆ ಅದನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ಅವರು ಇಲ್ಲಿಂದ ಹೋದರೋ, ನಾವು ಅಲ್ಲಿಂದ ಬಂದೆವೋ, ಇಬ್ಬರೂ ಮತ್ತೆಲ್ಲಿಂದಲೋ ಹೊರಟು ದಾರಿಯಲ್ಲಿ ಎರಡು ಬಸ್ಸಾದೆವೋ. ಉತ್ತರ ಹುಡುಕಿದಷ್ಟೂ ದಾರಿ ಕವಲೊಡೆಯಿತು. ಅವಳು ದ್ರಾಕ್ಷಿಯ ಗಂಟನ್ನು ಮಂಗ್ರಿಯ ಮಡಿಲಿಗೆ ಹಾಕಿ ಎದ್ದಳು. ಆಮೇಲೆಯೂ ನಾಲ್ಕು ಸಲ ಹೋದಳು, ಪ್ರತಿ ಸಲ ಏನಾದರೂ ಮಾಡಿಕೊಂಡು. ಹಳಿ ಮುಂದೆ ಸರಿಯಿತು, ಕ್ಯಾಂಪು ರಾಯಬಾಗದ ಕಡೆ ಹೋಯಿತು. ಒಂದು ದಿನ ಹೋದಾಗ ಮಂಗ್ರಿಯವರ ಗುಂಪು ಊರಿಗೆ ಮರಳಿತ್ತು.

ಊರಲ್ಲಿ ಈಗ ಎಲ್ಲರೂ ನಂಬಿದರು. ನಂಬಿಸಿದವಳು ಕಾಶಿಬಾಯಿ. ಅವಳಿಗೆ ಕಥೆ ಹೇಳುವುದು ಚೆನ್ನಾಗಿ ಬರುತ್ತಿತ್ತು. ಸಂಜೆ ಊಟವಾದ ಮೇಲೆ ಕಟ್ಟೆಯ ಮೇಲೆ ಕೂತು, ರಾಂಚಿಯ ಕಾಡಿನಲ್ಲಿ ಅಚ್ಚ ಕನ್ನಡ ಮಾತಾಡುತ್ತಾರೆ, ಒಂದರಿಂದ ನೂರರ ತನಕ ನಮ್ಮ ಹಾಗೆಯೇ ಎಣಿಸುತ್ತಾರೆ, ತಾನು ಈ ಕಿವಿಯಿಂದಲೇ ಕೇಳಿದ್ದೇನೆ ಎನ್ನುತ್ತಿದ್ದಳು. ಡಾಂಬರು ಬಳಿಯುವ ಕಡೆಯವರ ಮುಖ ಅರಳುತ್ತಿತ್ತು. ಬಾಪುಸಾಹೇಬನೂ ತಾನು ಅಂದೇ ಗುರುತು ಹಿಡಿದಿದ್ದೆ ಎನ್ನುವಷ್ಟಕ್ಕೆ ಬಂದಿದ್ದ.

ಚಂದ್ರಮತಿ ಮೊರದಲ್ಲಿ ಬೇಳೆ ಹಸನು ಮಾಡುತ್ತ, "ನಾಕರ ತನಕ ಅಷ್ಟ, ಕಾಶಿ. ಐದರಿಂದ ಮುಂದ ಬ್ಯಾರೆ ಐತಿ," ಎನ್ನುತ್ತಿದ್ದಳು.

ಯಾರೂ ಅವಳ ಕಡೆ ತಿರುಗುತ್ತಿರಲಿಲ್ಲ. ಕಾಶಿಬಾಯಿ ಮುಂದುವರಿಸುತ್ತಿದ್ದಳು.